ಹೂಜಿಯ ಹಿಂದಿನ ಬಟ್ಟೆ

ಅಕ್ಕ ಮಣ್ಣಿನ ಹೂಜಿ ಮಾಡುವವಳು, ತಂಗಿ ಫೋಟೋ ತೆಗೆಯುವವಳು. ಪೇಟೆಯ ದೊಡ್ಡ ಅಂಗಡಿಯವರು ಮೊದಲು ಹೂಜಿಗಳ ಫೋಟೋ ಕಳಿಸಿ, ಆಮೇಲೆ ಮಾತಾಡೋಣ ಎಂದಿದ್ದರು. ಇದೂ ಕೈಕೊಟ್ಟರೆ ಚಕ್ರ ಮಾರಿ ಯಾವುದಾದರೂ ಆಫೀಸಿಗೆ ಸೇರಿಬಿಡುತ್ತೇನೆ ಎಂದು ಅಕ್ಕ ಹೇಳಿಯಾಗಿತ್ತು. ಅವಳು ಹೇಳಿದಳೆಂದರೆ ಮುಗಿಯಿತು, ಮಾಡಿಯೇ ತೀರುವ ಪೈಕಿ.

ತಂಗಿ ಸುಮ್ಮನಿರುತ್ತಾಳೆಯೇ? ತನ್ನಲ್ಲಿದ್ದ ಎಲ್ಲಕ್ಕಿಂತ ಚಂದದ ಬಟ್ಟೆ ತೆಗೆದಳು. ಚಹಾದ ಡಿಕಾಕ್ಷನ್ನಿನಲ್ಲಿ ತಾನೇ ಅದ್ದಿ ಬಣ್ಣ ಬರಿಸಿದ ಒರಟು ಹತ್ತಿಬಟ್ಟೆ. ಅದರ ಮೇಲೆ ಅವಳಿಗೆ ಎಲ್ಲಿಲ್ಲದ ಮೋಹ. ಹೂಜಿಯ ಹಿಂದೆ ಇಳಿಬಿಟ್ಟು, ಒಂದೊಂದು ನೆರಿಗೆಯನ್ನೂ ತಿದ್ದಿ ತೀಡಿ, ಫೋಟೋ ಕಳಿಸಿದಳು. ಉತ್ತರ ಬೇಗನೆ ಬಂತು: ‘ಫೋಟೋ ತುಂಬಾ ಚೆನ್ನಾಗಿದೆ. ಆ ಬಟ್ಟೆ ಎಲ್ಲಿ ಸಿಗುತ್ತದೆ?’ ಹೂಜಿಯ ಬಗ್ಗೆ ತುಟಿಪಿಟಕ್ಕೆಂದಿರಲಿಲ್ಲ.

ಅಕ್ಕ ಓದಿ ನಕ್ಕಳು. “ಹೋಗ್ಲಿ ಬಿಡು, ನಿನ್ನ ಬಟ್ಟೆಗಾದ್ರೂ ಗಿರಾಕಿ ಸಿಕ್ಕಿದ್ರಲ್ಲ,” ಎಂದವಳು ತೊಳೆದಿಟ್ಟ ಹೂಜಿಯನ್ನೇ ಮತ್ತೆ ತೊಳೆಯತೊಡಗಿದಳು.

“ಅಕ್ಕಾ, ಇನ್ನೊಂದ್ಸಲ ತೆಗೀತೀನಿ.”

ಕಪ್ಪು ಮಖಮಲ್ಲು ಹಾಸಿದಳು. ಕೆಲಸದ ಕೋಣೆಯ ಧೂಳೆಲ್ಲ ಬಂದು ಅದಕ್ಕೇ ಅಂಟಿತು. ಅಮೃತಶಿಲೆಯಂತೆ ಕಾಣುವ ಹಾಳೆ ಇಟ್ಟರೆ ಅದರ ಹೊಳಪಿನ ಮುಂದೆ ಹೂಜಿ ಬಡಪಾಯಿಯಾಯಿತು. ಮರದ ಹಲಗೆಗೂ ಹೂಜಿಗೂ ಒಂದೇ ಬಣ್ಣ, ಹುಡುಕಿಕೊಳ್ಳಬೇಕು. ಈ ಕಸುಬಿನ ಹಣೆಬರಹವೇ ಇಷ್ಟು ನೋಡಿ, ಹಿಂದಿನದು ಸ್ವಲ್ಪ ಮೆರೆದರೂ ಮುಂದಿನದು ಸಪ್ಪೆ.

ಕೊನೆಗೆ ಕಣ್ಣಿಗೆ ಬಿದ್ದದ್ದು ಅಕ್ಕ ಹೂಜಿ ಸುತ್ತಿ ಕಟ್ಟುವ ಮಾಸಲು ಬಿಳಿ ಕಾಗದದ ಸುರುಳಿ. ಉದ್ದಕ್ಕೆ ಹರಿದು ಹಿಂದೆ ಹಿಡಿದಳು. ಅಬ್ಬಾ, ಹೂಜಿಯ ಕುತ್ತಿಗೆಯಲ್ಲಿ ಅಕ್ಕನ ಹೆಬ್ಬೆರಳು ಒತ್ತಿದ ತಗ್ಗು ಕೂಡ ಎದ್ದು ಕಂಡಿತು. ಆದರೆ ಗೋಡೆಗೆಲ್ಲ ಮಣ್ಣಿನ ಪುಡಿ ಮೆತ್ತಿಕೊಂಡಿತ್ತು. ಎಷ್ಟು ಟೇಪು ಹಚ್ಚಿದರೂ ಕಾಗದ ನಿಲ್ಲಲೊಲ್ಲದು.

“ಕೊಡಿಲ್ಲಿ, ನಾನು ಹಿಡ್ಕೊಳ್ತೀನಿ,” ಎಂದು ಅಕ್ಕ ಬಂದಳು.

“ಬೇಡ, ಇವತ್ತು ನಾನು ಹಿಡ್ಕೊಳ್ತೀನಿ. ಕ್ಯಾಮೆರಾ ಸ್ಟ್ಯಾಂಡ್ ಮೇಲೇ ಇದೆ, ನೀನು ಒತ್ತಿದ್ರೆ ಸಾಕು.”

ಚಿಕ್ಕಂದಿನಿಂದ ಹಿಡಿಯುವ ಕೆಲಸ ಅಕ್ಕನದೇ. ಅವಳು ಹೊದಿಕೆಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಂದೆ ನಿಲ್ಲುತ್ತಿದ್ದಳು. ತಂಗಿ ಮುಂದೆ ಗೊಂಬೆ, ಲೋಟ, ಚಪ್ಪಲಿ, ಸಿಕ್ಕಿದ್ದನ್ನೆಲ್ಲ ಇಟ್ಟು ಫೋಟೋ ತೆಗೆಯುತ್ತಿದ್ದಳು. ಈಗ ತಂಗಿ ಕಾಗದದ ಹಿಂದೆ ನಿಂತಳು. ತೋಳು ಸೋತುಹೋಯಿತು. ಎದುರಿಗೆ ಏನು ನಡೆಯುತ್ತಿದೆ ಎಂಬುದು ಒಂದೂ ಕಾಣಿಸುತ್ತಿರಲಿಲ್ಲ. ಅಕ್ಕ ಅಷ್ಟು ವರ್ಷ ಹೀಗೇ ನಿಂತಿದ್ದಳಲ್ಲ ಎನಿಸಿ ಅವಳಿಗೆ ಅಳು ಬಂತು.

ಕಂಪ್ಯೂಟರಿಗೆ ಹಾಕಿ ನೋಡಿದರೆ ಫೋಟೋದ ಮೂಲೆಯಲ್ಲಿ ತಂಗಿಯ ಬೆರಳ ತುದಿ. ಕತ್ತರಿಸಲು ಹೊರಟಳು.

“ಇರ್ಲಿ ಬಿಡೇ,” ಎಂದಳು ಅಕ್ಕ. “ನನ್ನ ಬೆರಳಂತೂ ಒಂದ್ರಲ್ಲೂ ಉಳಿಸ್ಲಿಲ್ಲ ನೀನು.” ದೂರುವ ದನಿಯೇನೂ ಇರಲಿಲ್ಲ, ತಮಾಷೆಗೇ ಅಂದಿದ್ದಳು.

ತಂಗಿ ಫೋಟೋವನ್ನು ಹಾಗೇ ಕಳಿಸಿದಳು. ಸಂಜೆ ಉತ್ತರ ಬಂತು: ‘ಹೂಜಿ ಎಷ್ಟು ಕೊಡಬಲ್ಲಿರಿ?’ ಅಕ್ಕ ಎರಡೆರಡು ಸಲ ಓದಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಚಕ್ರದ ಮುಂದೆ ಕುಳಿತಳು.

ತಂಗಿ ಕ್ಯಾಮೆರಾ ಎತ್ತಿಕೊಂಡಳು. “ಅಕ್ಕಾ, ಈ ಕಡೆ ನೋಡು.”

“ಹೂಜಿ ಇನ್ನೂ ಆಗಿಲ್ಲ ಕಣೇ.”

“ಹೂಜಿ ಅಲ್ಲ. ನಿಂದು.”

“ನಂದಾ? ಹಿಂದೆ ಏನು ಹಾಕ್ತೀಯ ಮತ್ತೆ?”

“ಏನೂ ಬೇಡ,” ಎಂದಳು ತಂಗಿ.