ಆರ್ವಿಡ್‌ನ ಎಡಗಿವಿ

ಆರ್ವಿಡ್ ಕಾಂಗಸ್‌ನ ಟಿವಿ ಬೀದಿಯ ಆಚೆಬದಿಗೂ ಕೇಳಿಸುತ್ತಿತ್ತು. ಐಸ್ ಹಾಕಿ ಪಂದ್ಯವಿದ್ದ ಸಂಜೆಗಳಲ್ಲಿ ಎದುರುಮನೆಯ ನಾವು ನಮ್ಮ ಟಿವಿಯ ಸದ್ದು ಪೂರ್ತಿ ಅಡಗಿಸಿ, ಅವನ ಟಿವಿಯ ಮಾತಿಗೆ ನಮ್ಮ ಚಿತ್ರ ನೋಡಿದರೂ ನಡೆಯುತ್ತಿತ್ತು. ಅವನು ಕಬ್ಬಿಣದ ಗಣಿಯಲ್ಲಿ ಮನೆಯಷ್ಟು ಎತ್ತರದ ಲಾರಿ ಓಡಿಸಿ ನಿವೃತ್ತನಾದವನು. ಆ ಕೆಲಸದಲ್ಲಿ ಬಲಗಿವಿ ಹೆಚ್ಚುಕಡಿಮೆ ಹೋಗಿತ್ತು, ಎಡಗಿವಿ ಸುಮಾರಾಗಿ ಉಳಿದಿತ್ತು. ಮಿನಿಸೋಟಾದ ಈ ಗಣಿಯೂರುಗಳಲ್ಲಿ ವಯಸ್ಸಾದ ಗಂಡಸರೆಲ್ಲ ಅಷ್ಟಿಷ್ಟು ಕಿವುಡರೇ. ಅದನ್ನು ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ, ಎದುರಿನವರು ಸ್ವಲ್ಪ ಕೂಗಿ ಮಾತಾಡುತ್ತಾರೆ, ಅಷ್ಟೆ.

ಆದರೆ ಅವನ ಹೆಂಡತಿ ಮಾರ್ಲಿಸ್‌ಗೆ ಆ ಸದ್ದು ಸಾಕಾಗಿಹೋಗಿತ್ತು. ಊಟವಾದ ಮೇಲೆ ಅವಳು ಹೆಣಿಗೆ ಎತ್ತಿಕೊಂಡು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕ್ರಿಸ್‌ಮಸ್‌ಗೆ ಮಿನಿಯಾಪೊಲಿಸ್‌ನಿಂದ ಬಂದ ಮಗಳು ಹೈಡಿ ಇದನ್ನು ನೋಡಿ, ಅಪ್ಪನಿಗೆ ಕಿವಿ ಪೂರ್ತಿ ಮುಚ್ಚುವಂಥ ದೊಡ್ಡ ಹೆಡ್‌ಫೋನ್ ತಂದುಕೊಟ್ಟಳು.

"ಇದನ್ನ ಹಾಕ್ಕೊಂಡು ಎಷ್ಟು ಬೇಕಾದ್ರೂ ಜೋರಾಗಿ ಕೇಳು ಅಪ್ಪ. ಅಮ್ಮನೂ ಬದುಕ್ಕೋತಾಳೆ."

ಆರ್ವಿಡ್ ಅಲ್ಲೇ ಹಾಕಿ ನೋಡಿದ. "ಎಷ್ಟು ಮೆತ್ತಗಿದೆ! ದಿಂಬು ಕಟ್ಟಿಕೊಂಡ ಹಾಗಿದೆ," ಎಂದು ಎಲ್ಲರೆದುರೂ ಹೊಗಳಿದ. ಆ ಹೊಗಳಿಕೆಯೇ ಅವನನ್ನು ಕಟ್ಟಿಹಾಕಿತು.

ಏಕೆಂದರೆ ಅದನ್ನು ಹಾಕಿಕೊಂಡು ಪಂದ್ಯ ನೋಡಲು ಕೂತ ಮೊದಲ ಸಂಜೆಯೇ ನೋವು ಶುರುವಾಯಿತು. ಅವನ ಕಿವಿಗಳು ದೊಡ್ಡವು, ಮೆತ್ತೆಯ ಒಳಗೆ ಹಿಡಿಸದೆ ಮಡಿಸಿಕೊಳ್ಳುತ್ತಿದ್ದವು. ಕನ್ನಡಕದ ಕಡ್ಡಿ ಮೆತ್ತೆಯಡಿ ಸಿಕ್ಕಿ ತಲೆಬುರುಡೆಗೆ ಒತ್ತುತ್ತಿತ್ತು, ಕನ್ನಡಕ ತೆಗೆದರೆ ಆಟವೇ ಕಾಣದು. ಎಲ್ಲಕ್ಕಿಂತ ಹೆಚ್ಚು ಕಾಟ ಎಡಗಿವಿಯದು. ಹಿಂದೊಮ್ಮೆ ಚಳಿಗೆ ಹೆಪ್ಪುಗಟ್ಟಿ ಸುಲಿದಿದ್ದ ಆ ಕಿವಿಯ ಮೇಲಂಚಿನಲ್ಲಿ ಜೋಳದ ಕಾಳಿನಷ್ಟು ಗಟ್ಟಿ ಗಂಟೊಂದಿತ್ತು. ಮೊದಲು ಕಿವಿ ಬಿಸಿಯಾಗುವುದು, ಆಮೇಲೆ ಬಟ್ಟೆಯ ಕ್ಲಿಪ್ಪು ಹಾಕಿ ಬಿಗಿದ ಹಾಗೆ ಚಿವುಟುವುದು, ಕೊನೆಗೆ ದವಡೆಯವರೆಗೂ ಸಿಡಿತ.

ಹೇಳಿಬಿಡಬಹುದಿತ್ತು. ಆದರೆ ಆ ಸಂಜೆ ಮಾರ್ಲಿಸ್ ಹೆಣಿಗೆ ತಂದು ಅವನ ಪಕ್ಕದ ಸೋಫಾದಲ್ಲೇ ಕೂತಿದ್ದಳು. ಎಷ್ಟೋ ವರ್ಷಗಳ ಮೇಲೆ. ಅವನ ಮೊಣಕೈ ತಟ್ಟಿ, ಅವನು ಮೆತ್ತೆ ಎತ್ತಿದಾಗ, "ಹೊಸ ಮನೆಗೆ ಬಂದ ಹಾಗಿದೆ ಕಣೋ. ನನ್ನ ಯೋಚನೆ ನನಗೇ ಕೇಳಿಸ್ತಿದೆ," ಎಂದು ನಕ್ಕಿದ್ದಳು. ಇಂಥವಳಿಗೆ ಏನೆಂದು ಹೇಳುವುದು? ಉಗುಳಿದ್ದು ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುವ ಚಳಿಯಲ್ಲಿ ಲಾರಿ ಓಡಿಸಿದವನು, ದಿಂಬಿನಂಥ ಮೆತ್ತೆ ಕಿವಿಗೆ ಒತ್ತುತ್ತಿದೆ ಎಂದು ಗೋಳಾಡುವುದೆ? ಅವನಿಗೆ ನಾಚಿಕೆಯಾಯಿತು. ಬಾಯಿ ಮುಚ್ಚಿಕೊಂಡ.

ಕೆಲವು ದಿನ ಸಹಿಸಿದ ಮೇಲೆ ಒಂದು ಉಪಾಯ ಮಾಡಿಕೊಂಡ. ಎಡಬದಿಯ ಮೆತ್ತೆಯನ್ನು ಕಿವಿಯ ಹಿಂದಕ್ಕೆ, ಮೂಳೆಯ ಮೇಲೆ ಸರಿಸಿದ. ಮುಂದಿನಿಂದ ನೋಡಿದರೆ ಗೊತ್ತಾಗುತ್ತಿರಲಿಲ್ಲ, ಅವನ ಕೂದಲೂ ಉದ್ದ ಬೆಳೆದಿತ್ತು. ನೋವು ಅರ್ಧ ಇಳಿಯಿತು. ಒಳ್ಳೆಯ ಕಿವಿಗೇ ಏನೂ ಕೇಳದಿದ್ದರೆ ಪಂದ್ಯದ ಮಾತು ಹೇಗೆ ತಿಳಿಯಬೇಕು? ತಿಳಿಯುತ್ತಿರಲಿಲ್ಲ. ಬರೀ ಚಿತ್ರ ನೋಡುತ್ತ ಕೂತಿರುತ್ತಿದ್ದ. ಹಾಗೆ ಕೂತಿದ್ದಾಗಲೇ ಅಡುಗೆಮನೆಯ ಮಾತು ಎಡಗಿವಿಗೆ ಬಿತ್ತು.

ಟಿವಿಯ ಸದ್ದು ನಿಂತ ಮೇಲೆ ಮಾರ್ಲಿಸ್ ದಿನಾ ಊಟ ಮುಗಿಸಿ, ಹೆಣಿಗೆ ಹಿಡಿಯುವ ಮೊದಲು ಅಡುಗೆಮನೆಯ ಮೇಜಿನ ಮುಂದೆ ಕೂತು, ಡುಲೂತ್‌ನಲ್ಲಿದ್ದ ತನ್ನ ಅಕ್ಕ ಫರ್ನ್‌ಗೆ ಫೋನ್ ಮಾಡುತ್ತಿದ್ದಳು. ಫರ್ನ್‌ಳ ಕಿವಿಯೂ ಮಂದ, ಆದ್ದರಿಂದ ಮಾರ್ಲಿಸ್ ಗಂಟಲೆತ್ತಿಯೇ ಮಾತಾಡಬೇಕು. ಗಂಡನ ಎರಡು ಕಿವಿಯೂ ಮುಚ್ಚಿವೆ ಎಂಬ ಧೈರ್ಯ ಬೇರೆ.

"ಅಲ್ಲ ಫರ್ನ್, ಚರ್ಚ್ ಊಟದಲ್ಲಿ ಆಗಿದ್ದು ಹೇಳಿದ್ನಾ ನಿಂಗೆ? ಹೊಸ ಪಾದ್ರಿಯ ಹೆಂಡತಿ ಬಂದು, ನಿಮಗೆ ಮೊಮ್ಮಕ್ಕಳೆಷ್ಟು ಅಂತ ಇವನನ್ನ ಕೇಳಿದ್ಲು. ಇವನೋ, ಹಿಡಿದ ಮೀನಿನ ಲೆಕ್ಕ ಕೇಳ್ತಿದಾಳೆ ಅಂದ್ಕೊಂಡ. 'ಎರಡು ಫ್ರೀಜರ್‌ನಲ್ಲಿವೆ, ಉಳಿದಿದ್ದನ್ನ ಬರ್ನಿಗೆ ಕೊಟ್ಟೆ' ಅಂದ! ಆಯಮ್ಮನ ಮುಖ ನೋಡ್ಬೇಕಿತ್ತು ನೀನು!"

ಅವಳು ಮೇಜು ಬಡಿದು ನಗುತ್ತಿದ್ದಳು. ಆರ್ವಿಡ್‌ಗೆ ಆ ದಿನ ನೆನಪಾಯಿತು. ಮೇಜಿನ ಸುತ್ತ ಕೂತವರೆಲ್ಲ ನಕ್ಕಿದ್ದರು. ತಾನೇನೋ ಒಳ್ಳೆಯ ಮಾತು ಹೇಳಿದೆನೆಂದು ಅವನೂ ಜೊತೆಗೆ ನಕ್ಕು, ಇನ್ನೊಂದು ಸಲ ಹೇಳಿದ್ದ. ಈಗ ಕತ್ತಿನಿಂದ ಮೇಲಕ್ಕೆ ಬಿಸಿಯೇರಿತು. ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಮರುದಿನವೂ ಮೆತ್ತೆ ಹಿಂದಕ್ಕೆ ಸರಿಸಿಕೊಂಡೇ ಕೂತ. ಆ ಹೊತ್ತಿಗೆ ಅದು ಬರೀ ನೋವಿಗಾಗಿ ಆಗಿರಲಿಲ್ಲ.

ಒಂದು ಸಂಜೆ ಬರ್ನಿಯ ವಿಷಯ ಬಂತು. ಬರ್ನಿ ಜುಪಾನ್ ಗಣಿಯ ಕಾಲದ ಗೆಳೆಯ. ಚಳಿಗಾಲದ ಶನಿವಾರಗಳಲ್ಲಿ ಬಂದು ಆರ್ವಿಡ್‌ನನ್ನು ಹೆಪ್ಪುಗಟ್ಟಿದ ಕೆರೆಯ ಮೇಲಿನ ತನ್ನ, ಮಂಜುಗಡ್ಡೆ ಕೊರೆದು ಮೀನು ಹಿಡಿಯುವ ಗುಡಿಸಲಿಗೆ ಕರೆದೊಯ್ಯುತ್ತಿದ್ದ.

"ನಾನೇ ಬರ್ನಿಗೆ ಹೇಳಿ ಕಳಿಸ್ತಿರೋದು ಕಣೇ. ಉಳಿದವರು ಯಾರೂ ಕರೆಯೋದೇ ಇಲ್ಲ ಇವನನ್ನ. ಒಂದು ಮಾತನ್ನ ಮೂರು ಸಲ ಹೇಳ್ಬೇಕು, ಮೀನೆಲ್ಲ ಓಡಿಹೋಗುತ್ತೆ ಅಂತಾರಂತೆ. ನಾನು ಮಾಂಸದ ಪಾಸ್ಟಿ ಕಡುಬು ಮಾಡಿ ಬರ್ನಿ ಕೈಲಿಟ್ಟು, ಕರ್ಕೊಂಡು ಹೋಗಪ್ಪ ಅಂತ ಬೇಡ್ಕೊಂಡೆ."

ಆ ಶನಿವಾರ ಬರ್ನಿ ಬಂದು ಬಾಗಿಲು ತಟ್ಟಿದ. ಆರ್ವಿಡ್ ಬಾಗಿಲನ್ನು ಒಂದು ಗೇಣು ತೆರೆದು, "ಇವತ್ತು ಬರಲ್ಲ," ಎಂದ.

"ಯಾಕೋ ಮಾರಾಯ, ಹುಷಾರಿಲ್ವಾ?"

"ಬರಲ್ಲ ಅಂದ್ನಲ್ಲ. ನೀನೂ ಇನ್ಮೇಲೆ ಬರಬೇಡ."

ಬರ್ನಿ ಟೊಪ್ಪಿಯನ್ನು ಕೈಯಲ್ಲಿ ತಿರುವುತ್ತ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ನಿಂತಿದ್ದು ಹೊರಟುಹೋದ. ಅವನ ಬೆನ್ನು ನೋಡುತ್ತ ಆರ್ವಿಡ್‌ಗೆ ಗೆದ್ದ ಹಾಗೇನೂ ಅನಿಸಲಿಲ್ಲ.

ಮಾರ್ಲಿಸ್ ಬರೀ ಆಡಿಕೊಳ್ಳುತ್ತಿರಲಿಲ್ಲ, ಬೇಸರವನ್ನೂ ಹೇಳಿಕೊಳ್ಳುತ್ತಿದ್ದಳು. "ಏನು ಮಾಡಿ ಹಾಕಿದ್ರೂ ತಲೆ ಬಗ್ಗಿಸಿ ತಿಂದು ಎದ್ದುಹೋಗ್ತಾನೆ. ಹುಲ್ಲು ಬೇಯಿಸಿಟ್ರೂ ಗೊತ್ತಾಗಲ್ವೇನೋ," ಎಂದು ಒಂದು ಸಂಜೆ ಅಂದಳು. ಮರುದಿನ ಆರ್ವಿಡ್ ಚಮಚ ಕೆಳಗಿಟ್ಟು, "ಸೂಪು ತುಂಬಾ ಚೆನ್ನಾಗಿದೆ ಮಾರ್ಲಿಸ್," ಎಂದ. ಅವಳು ಕೈಲಿದ್ದ ಬಟ್ಟಲು ಹಾಗೇ ಹಿಡಿದು ಅವನನ್ನೇ ನೋಡಿದಳು. ಇನ್ನೊಂದು ದಿನ, ಕೂದಲು ಕತ್ತರಿಸಿಕೊಂಡದ್ದನ್ನೂ ಅವನು ಗಮನಿಸಲಿಲ್ಲವೆಂದು ಫರ್ನ್‌ಗೆ ದೂರಿದಳು. ಬೆಳಿಗ್ಗೆ ಕಾಫಿ ಕುಡಿಯುತ್ತ ಆರ್ವಿಡ್, "ಈ ಕೂದಲು ನಿಂಗೆ ಒಪ್ಪುತ್ತೆ," ಎಂದ. ಅವಳು ಕೆಂಪಾದಳು. ಆ ಸಂಜೆ ಅಡುಗೆಮನೆಯಿಂದ ಬಂದ ದನಿ ಅವನು ಮದುವೆಯಾದ ಹೊಸತರಲ್ಲಿ ಕೇಳಿದ್ದು.

"ಏನಾಗಿದೆಯೋ ಗೊತ್ತಿಲ್ಲ ಫರ್ನ್, ಇವನು ಈ ವಯಸ್ಸಲ್ಲಿ ನನ್ನನ್ನ ಕಣ್ಣೆತ್ತಿ ನೋಡ್ತಿದಾನೆ. ನಗಬೇಡ್ವೇ. ನಿಜವಾಗ್ಲೂ."

ಆರ್ವಿಡ್ ಕುರ್ಚಿಯಲ್ಲಿ ಕುಗ್ಗಿಹೋದ. ಕದ್ದ ಸಾಮಾನನ್ನು ಉಡುಗೊರೆ ಕೊಟ್ಟು ಶಹಭಾಸ್ ಅನ್ನಿಸಿಕೊಂಡ ಹಾಗಾಯಿತು. ಆದರೂ ಮೆತ್ತೆಯನ್ನು ಸರಿಯಾಗಿ ಹಾಕಿಕೊಳ್ಳಲಿಲ್ಲ. ಇಷ್ಟರಲ್ಲಿ, ಮೆತ್ತೆಯ ಅಂಚು ತಾಗಿ ತಾಗಿ ಎಡಗಿವಿಯ ಗಂಟು ಕೆಂಪಗೆ ಊದಿ, ತುದಿಯಲ್ಲಿ ಚರ್ಮ ಒಡೆದು, ಅದರ ಮೇಲೆ ಮಲಗಲೂ ಆಗುತ್ತಿರಲಿಲ್ಲ.

ಸಿಕ್ಕಿಬಿದ್ದದ್ದು ಪಂದ್ಯದ ಬಿಡುವಿನಲ್ಲಿ. ಅಡುಗೆಮನೆಯಲ್ಲಿ ಅಕ್ಕತಂಗಿಯರು ಹಳೆಯ ಕಾರುಗಳ ಮಾತಿಗೆ ಇಳಿದಿದ್ದರು.

"ಅದೇ ಕಣೇ, ಹಸಿರು ಪ್ಲಿಮತ್. ನಮ್ಮ ಮದುವೆಯಾದ ವರ್ಷ ತಗೊಂಡಿದ್ದು. ನಮಗೆ ಮಾರಿದ್ನಲ್ಲ, ಪೆಟ್ರೋಲ್ ಬಂಕ್ ಪಕ್ಕದವನು, ಒಂದು ಕಾಲು ಎಳೀತಿದ್ದ. ಅಯ್ಯೋ, ಹೆಸರು ನಾಲಿಗೆ ತುದೀಲೇ ಇದೆ..."

"ಎಲ್ಮರ್ ನೀಮಿ," ಎಂದ ಆರ್ವಿಡ್.

ಎಂದ ಮೇಲೆಯೇ ಎಂದದ್ದು ಅವನಿಗೆ ಗೊತ್ತಾಯಿತು. ಅಡುಗೆಮನೆಯಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. "ಆಮೇಲೆ ಮಾಡ್ತೀನಿ ಫರ್ನ್," ಎನ್ನುವ ಸಣ್ಣ ದನಿ ಕೇಳಿಸಿತು. ಮಾರ್ಲಿಸ್ ಬಂದು ಅವನ ಮುಂದೆ ನಿಂತಳು. ಬಗ್ಗಿ, ಎಡಗಡೆಯ ಕೂದಲು ಸರಿಸಿ, ಕಿವಿಯ ಹಿಂದೆ ಕೂತಿದ್ದ ಮೆತ್ತೆಯನ್ನು ನೋಡಿದಳು. ಒಡೆದ ಗಂಟನ್ನೂ ನೋಡಿದಳು. ಒಂದು ಕ್ಷಣ ಅವಳ ಬೆರಳು ಮೆಲ್ಲಗೆ ಅದರ ಹತ್ತಿರ ಬಂತು. ಆಮೇಲೆ ಕೈ ಹಿಂದೆಗೆದುಕೊಂಡಳು.

"ಯಾವಾಗಿಂದ?"

"ಕ್ರಿಸ್‌ಮಸ್ ಆದ್ಮೇಲೆ. ನೋವಾಗ್ತಿತ್ತು ಮಾರ್ಲಿಸ್, ಅದಕ್ಕೇ..."

"ಎಲ್ಲಾ ಕೇಳಿಸ್ಕೊಂಡಿದೀಯಾ?"

"ನೀನು ಜೋರಾಗಿ ಮಾತಾಡ್ತೀಯಲ್ಲ," ಎಂದ. ಹೇಳಬಾರದ ಮಾತು. ಬಾಯಿಂದ ಬಿದ್ದುಹೋಯಿತು.

ಅವಳು ಹೆಡ್‌ಫೋನನ್ನು ಅವನ ತಲೆಯಿಂದ ತೆಗೆದು ಸೋಫಾದ ಮೇಲಿಟ್ಟಳು. ಆಮೇಲೆ ಕೇಳಿದಳು: "ಸೂಪು ಚೆನ್ನಾಗಿದೆ ಅಂದ್ಯಲ್ಲ. ಅದೂ ಕೇಳಿಸ್ಕೊಂಡೇ ಅಂದಿದ್ದಾ? ಕೂದಲು?"

ಆರ್ವಿಡ್ ನೆಲ ನೋಡಿದ.

"ನಾನೊಬ್ಬಳು ಪೆದ್ದಿ," ಎಂದಳು ಮಾರ್ಲಿಸ್. "ಮದುವಣಗಿತ್ತಿ ಥರ ಅಕ್ಕನ ಹತ್ರ ಹೇಳ್ಕೊಂಡೆ. ನೀನು ಅದನ್ನೂ ಕೂತು ಕೇಳಿದೆ."

ಮರುದಿನ ಸಂಜೆ ಊಟವಾದ ಮೇಲೆ ಅವಳು ಕೋಟು, ಟೊಪ್ಪಿ, ಬೂಟು ಹಾಕಿಕೊಂಡು ಫೋನ್ ಹಿಡಿದು ಹೊರಗೆ ಹೋದಳು. ಮನೆಯ ಮುಂದೆ ನಿಂತಿದ್ದ ಕಾರಿನಲ್ಲಿ ಕೂತು ಎಂಜಿನ್ ಶುರುಮಾಡಿದಳು. ಹೊಗೆಕೊಳವೆಯಿಂದ ಬಿಳಿ ಆವಿ ಏಳುತ್ತಿತ್ತು. ಒಳಗಿನ ದೀಪದಲ್ಲಿ ಅವಳ ಬಾಯಿ ಆಡುವುದು ಕಾಣುತ್ತಿತ್ತು. ಅದರ ಮರುದಿನವೂ ಹಾಗೇ, ಆಮೇಲೂ ಹಾಗೇ. ಮೂಗಿನೊಳಗಿನ ಕೂದಲು ಹೆಪ್ಪುಗಟ್ಟುವ ಚಳಿ ಅದು. ಬೀದಿಯವರೆಲ್ಲ ನೋಡಿದೆವು. ನಾಯಿ ತಿರುಗಾಡಿಸಲು ಹೋದವರು ಕೈಬೀಸಿದರೆ ಅವಳೂ ಕಾರೊಳಗಿಂದ ಕೈಬೀಸುತ್ತಿದ್ದಳು. ಅಕ್ಕನ ಹತ್ತಿರ ಮಾತಾಡಲು ಹೆಂಡತಿ ಮನೆಯಿಂದ ಹೊರಗೆ ಹೋಗಬೇಕಾಗಿದೆ, ತನ್ನಿಂದಾಗಿ. ಆರ್ವಿಡ್ ಕಿಟಕಿಯ ಪರದೆಯ ಹಿಂದೆ ನಿಂತು ನೋಡುತ್ತಿದ್ದ. ಯಾರಾದರೂ ನಡೆದುಹೋದರೆ ಹಿಂದಕ್ಕೆ ಸರಿಯುತ್ತಿದ್ದ.

ಕೊನೆಗೊಂದು ಸಂಜೆ ತಡೆಯಲಾರದೆ, ಟೊಪ್ಪಿಯೂ ಇಲ್ಲದೆ ಹೊರಗೆ ಹೋಗಿ ಕಾರಿನ ಗಾಜು ತಟ್ಟಿದ. ಅವಳು ಗಾಜನ್ನು ಸ್ವಲ್ಪ ಇಳಿಸಿದಳು.

"ಒಳಗೆ ಬಾ. ನೀನು ಮಾತಾಡೋವಷ್ಟು ಹೊತ್ತು ನಾನು ಹೊರಗಿರ್ತೀನಿ."

"ಕಿವಿ ನೋವು ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲೋ."

"ನೀನು ಅಷ್ಟು ಖುಷಿಯಾಗಿದ್ದೆ. ನಾಚಿಕೆ ಆಯ್ತು."

"ಸರಿ, ಮೊದಲು ನಾಚಿಕೆ. ಆಮೇಲೆ?"

ಆರ್ವಿಡ್ ಕಾರಿನ ಬಾಗಿಲಿಗೆ ಕೈಯಿಟ್ಟು ನಿಂತ. ಬರಿಗೈಗೆ ಲೋಹ ಅಂಟುತ್ತಿತ್ತು. "ಆಮೇಲೆ, ನನ್ನ ಬಗ್ಗೆ ಏನು ಹೇಳ್ತೀಯ ಅಂತ ಕೇಳೋ ಚಟ ಹತ್ತಿಬಿಡ್ತು. ಬೈದ್ರೂ ಕೇಳ್ಬೇಕು ಅನ್ಸೋದು. ಜನ ನನ್ನ ಹತ್ರ ಮಾತಾಡೋದೇ ಕಮ್ಮಿಯಾಗಿದೆ ಮಾರ್ಲಿಸ್. ನನ್ನ ಬಗ್ಗೆಯಾದ್ರೂ ಯಾರೋ ಮಾತಾಡ್ತಿದ್ರು. ತಪ್ಪಾಯ್ತು. ನಂಗೆ ನನ್ನ ಮುಖ ನೋಡ್ಕೊಳ್ಳೋಕೆ ಆಗ್ತಿಲ್ಲ."

ಮಾರ್ಲಿಸ್ ಉತ್ತರಿಸುವ ಮೊದಲು ಕಾರಿನ ಸ್ಪೀಕರಿನಿಂದ ಫರ್ನ್‌ಳ ದನಿ ಬೀದಿಗೆಲ್ಲ ಕೇಳುವಂತೆ ಹೊರಬಿತ್ತು: "ಆರ್ವಿಡ್! ಮೊದಲು ಹೋಗಿ ತಲೆಗೆ ಏನಾದ್ರೂ ಹಾಕ್ಕೋ, ಇರೋ ಕಿವಿನೂ ಉದುರಿಹೋಗುತ್ತೆ!"

ಫೋನ್ ಕಟ್ಟಾಗಿರಲಿಲ್ಲ. ಕಿವುಡರ ಜೋರು ದನಿಯಲ್ಲಿ ಅವನು ಹೇಳಿದ್ದನ್ನೆಲ್ಲ ಫರ್ನ್ ಕೇಳಿಸಿಕೊಂಡಿದ್ದಳು. ಆರ್ವಿಡ್‌ನ ಮುಖ ಆ ಚಳಿಯಲ್ಲೂ ಸುಟ್ಟ ಹಾಗಾಯಿತು. ಮಾರ್ಲಿಸ್ ಅವನನ್ನೇ ನೋಡುತ್ತಿದ್ದಳು. ನಗಲಿಲ್ಲ. "ಹೇಗಿರುತ್ತೆ ಅಂತ ಗೊತ್ತಾಯ್ತಾ?" ಎಂದಷ್ಟೇ ಕೇಳಿ, ಎಂಜಿನ್ ಆರಿಸಿ ಇಳಿದು ಒಳಗೆ ನಡೆದಳು.

ಆ ವಾರವೇ ಅವನು ಬರ್ನಿಯ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಬರ್ನಿ ತಲೆ ಕೆರೆದುಕೊಂಡ.

"ಅವಳು ಬಂದು ಕೇಳಿದ್ದು ನಿಜ. ಅದು ಮೊದಲ್ನೇ ಸಲ. ಆಮೇಲೆ ಬಂದಿದ್ದೆಲ್ಲ ನಾನೇ ಕಣೋ. ಪಾಸ್ಟಿ ಆಸೆನೂ ಇತ್ತು ಅಂತಿಟ್ಕೋ. ಅರ್ಧ ಕಿವೀಲಿ ಕೇಳಿದ್ರೆ ಅರ್ಧ ವಿಷಯಾನೇ ಸಿಗೋದು."

"ಅವತ್ತು ಹಾಗೆ ಬಾಗಿಲು ಹಾಕಬಾರದಿತ್ತು."

"ಹಾಕಬಾರದಿತ್ತು," ಎಂದ ಬರ್ನಿ. ಪರವಾಗಿಲ್ಲ ಎನ್ನಲಿಲ್ಲ. ಆದರೆ ಒಳಗೆ ಕರೆದು ಕಾಫಿ ಕೊಟ್ಟ.

ಹೈಡಿಗೂ ಫೋನ್ ಮಾಡಿ, ಹೆಡ್‌ಫೋನ್ ತನ್ನ ಕಿವಿಗೆ ಆಗಿಬರಲಿಲ್ಲವೆಂದ. "ಅಷ್ಟೇ ತಾನೇ? ಕಿವಿ ದೊಡ್ಡದಿರೋರಿಗೆ ಬೇರೆ ಥರದ್ದು ಸಿಗುತ್ತೆ ಅಪ್ಪ. ಹೇಳೋದಲ್ವಾ," ಎಂದಳು ಅವಳು. ಅವನು ಕಿವಿಯನ್ನು ಡಾಕ್ಟರಿಗೂ ತೋರಿಸಿದ. ಡಾಕ್ಟರು ಗಂಟು ಕತ್ತರಿಸಿ ತೆಗೆದು ಎರಡು ಹೊಲಿಗೆ ಹಾಕಿದರು, ಕಿವಿಯ ಪರೀಕ್ಷೆಗೂ ಬರೆದುಕೊಟ್ಟರು. ಟಿವಿಯಲ್ಲಿ ಈಗ ಮಾತುಗಳು ಅಕ್ಷರವಾಗಿ ಕೆಳಗೆ ಓಡುತ್ತವೆ, ಸದ್ದು ಬಹುತೇಕ ಇಲ್ಲ.

ಮಾರ್ಲಿಸ್ ಮತ್ತೆ ಅಡುಗೆಮನೆಯ ಮೇಜಿನ ಹತ್ತಿರವೇ ಕೂರುತ್ತಾಳೆ. ಅವಳು ಫೋನ್ ಎತ್ತಿಕೊಂಡ ಕೂಡಲೇ ಆರ್ವಿಡ್ ಏಳುತ್ತಾನೆ. ಯಾರೂ ಹೇಳಬೇಕಾಗಿಲ್ಲ. ಟೊಪ್ಪಿಯನ್ನು ಕಿವಿಯ ಮೇಲೆ ಎಳೆದುಕೊಂಡು, ಸಲಿಕೆ ಹಿಡಿದು ಹೊರಗೆ ಬಂದು ದಾರಿಯ ಹಿಮ ಗೋರುತ್ತಾನೆ. ತಮ್ಮದು ಮುಗಿದರೆ ಪಕ್ಕದ ಮನೆಯದು, ಅದೂ ಮುಗಿದರೆ ನಮ್ಮದು. ಹಿಮ ಬೀಳದ ದಿನಗಳಲ್ಲೂ ಬರುತ್ತಾನೆ. ಬರೀ ನೆಲವನ್ನು ಸಲಿಕೆಯಿಂದ ಕೆರೆಯುವ ಸದ್ದು ಕೇಳಿದರೆ, ಆ ಮನೆಯಲ್ಲಿ ಅಕ್ಕತಂಗಿಯರ ಮಾತು ಶುರುವಾಯಿತೆಂದು ನಮಗೆಲ್ಲ ಗೊತ್ತಾಗುತ್ತದೆ. ಯಾರೂ ಅವನನ್ನು ಏನೂ ಕೇಳುವುದಿಲ್ಲ.