ನಟ್ಟಿಗೆ ಕಟ್ಟಿದ ರೇಷ್ಮೆ

ಒಂದಾನೊಂದು ಊರಿನಲ್ಲಿ ಒಬ್ಬ ನೇಕಾರನಿದ್ದ, ಅವನಿಗೆ ಇಬ್ಬರು ಹೆಣ್ಣುಮಕ್ಕಳು ಮತ್ತು ಒಂದು ಬಿಳಿ ಕುದುರೆ ಎಂದು ಶುರುಮಾಡೋಣ. ಊರು ಹಿಂದೂಪುರ. ನೇಕಾರನ ಹೆಸರು ಶ್ರೀರಾಮುಲು. ಮಗ್ಗ ಮಾರಿ ಸೀರೆ ಅಂಗಡಿ ಇಟ್ಟು ಹತ್ತು ವರ್ಷವಾಗಿತ್ತು. ಕುದುರೆ ಎಂದರೆ ಇಪ್ಪತ್ತಾರು ವರ್ಷದ ಬಿಳಿ ಕಾರು. ಕಥೆಯ ಕುದುರೆಗಳ ಹಾಗೆ ಇದಕ್ಕೂ ಮಾತು ಬರುತ್ತಿತ್ತು. ಹಳ್ಳಕ್ಕೆ ಇಳಿದರೆ ಮುಂದಿನ ಎಡಗಾಲಲ್ಲಿ ‘ಟಕ್’ ಅನ್ನುತ್ತಿತ್ತು.

ದೊಡ್ಡ ಮಗಳು ತ್ರಿವೇಣಿಯನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದ್ದರು. ಎರಡು ವರ್ಷದ ಹಿಂದೆ, ಐದು ತಿಂಗಳ ಬಸುರಿ, ಜನ ತುಂಬಿದ ಜೀಪಿನಲ್ಲಿ ಕುಲುಕಿಕೊಂಡು ಬಂದ ದಿನವೇ ಅವಳ ಗರ್ಭ ಹೋಗಿತ್ತು. ಜೀಪಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವಳು ಕಿವಿಗೇ ಹಾಕಿಕೊಂಡಿರಲಿಲ್ಲ. ಈಗ ಮತ್ತೆ ದಿನ ತುಂಬುತ್ತಿತ್ತು. ಬಿಪಿ ಏರಿದೆ, ಶುಕ್ರವಾರದೊಳಗೆ ಹಿಂದೂಪುರಕ್ಕೆ ಹೋಗಿ ಆಸ್ಪತ್ರೆಯ ಹತ್ತಿರ ಇರಿ ಎಂದು ಡಾಕ್ಟರು ಹೇಳಿದ್ದರು.

“ಜೀಪೂ ಬೇಡ, ಬಾಡಿಗೆ ಕಾರೂ ಬೇಡ,” ಎಂದಳು ತ್ರಿವೇಣಿ ಫೋನಿನಲ್ಲಿ. “ಅಪ್ಪನ ಕಾರು, ನಿನ್ನ ಕೈ. ಹಂಗಾದ್ರೆ ಬತ್ತೀನಿ.”

“ಶುಕ್ರವಾರ ಹೊತ್ತು ಮುಳುಗೋದ್ರೊಳಗೆ ನೀನು ಮನೇಲಿರ್ತೀಯ, ಅಕ್ಕ,” ಎಂದು ತಂಗಿ ಇಂದ್ರಾಣಿ ಮಾತು ಕೊಟ್ಟಳು.

ಕೊಟ್ಟ ಮೇಲೆ ಹೆದರಿಕೆಯಾಯಿತು. ಕಾರಿನ ಸ್ಟೇರಿಂಗ್ ಸಡಿಲವಾಗಿ ಆಡುತ್ತಿತ್ತು. ಶ್ರೀರಾಮುಲು ಗುರುವಾರ ಹೊಸ ಜಾಯಿಂಟು ತಂದು ತಾವೇ ಹಾಕಿದರು. “ಮಗ್ಗ ಬಿಚ್ಚಿ ಜೋಡಿಸ್ದೋನಿಗೆ ಇದ್ಯಾವ ದೊಡ್ಡ ಕೆಲ್ಸ ಕಣಮ್ಮ,” ಎಂದು ಗ್ರೀಸಿನ ಕೈ ಒರೆಸಿಕೊಂಡರು.

ಶುಕ್ರವಾರ ಬೆಳಿಗ್ಗೆ ಪೆನುಕೊಂಡದ ಬೆಟ್ಟ ಹಿಂದೆ ಉಳಿಯುವವರೆಗೂ ಕಾರು ಬಾಯಿ ಬಿಡಲಿಲ್ಲ. ಅದಾದ ಮೇಲೆ ಕಡಲೆಕಾಯಿ ಹೊಲಗಳ ನಡುವಿನ ರಸ್ತೆಯಲ್ಲಿ ಒಂದು ಸಲ ‘ಟಕ್’ ಎಂದಿತು. ಇನ್ನೂ ಸ್ವಲ್ಪ ದೂರಕ್ಕೆ ‘ಟಕ್ ಟಕ್’. ಇಂದ್ರಾಣಿ ಕೈ ತಿರುಗಿಸಿದರೆ ಕಾರು ಒಂದು ಗಳಿಗೆ ಯೋಚನೆ ಮಾಡಿ ಆಮೇಲೆ ತಿರುಗುತ್ತಿತ್ತು.

ರಸ್ತೆ ಬದಿಗೆ ನಿಲ್ಲಿಸಿ, ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಮೊಣಕಾಲೂರಿ ಎಡಚಕ್ರದ ಹಿಂದೆ ಮೊಬೈಲಿನ ಬೆಳಕು ಬಿಟ್ಟಳು. ಚಕ್ರವನ್ನು ತಿರುಗಿಸುವ ಸರಳು ಅಲ್ಲಿ ಒಂದೇ ಒಂದು ನಟ್ಟಿನಿಂದ ನಿಲ್ಲುತ್ತದೆ. ನಟ್ಟು ಬಿಚ್ಚಿಕೊಳ್ಳದಂತೆ ಅಡ್ಡಕ್ಕೆ ತೂತಿನಲ್ಲಿ ಕಬ್ಬಿಣದ ಪಿನ್ ಇರಬೇಕು. ಪಿನ್ ಇರಲಿಲ್ಲ. ಆ ತೂತಿನಲ್ಲಿ ಕೆಂಪು ರೇಷ್ಮೆ ದಾರವಿತ್ತು. ಹುರಿಮಾಡಿ ಹಾಯಿಸಿ, ಮಗ್ಗದ ಹಾಸಿನ ಎಳೆಗಳನ್ನು ಕೂಡಿಸುವಾಗ ನೇಕಾರರು ಹಾಕುವ ಗಂಟು ಹಾಕಿತ್ತು. ಬೆರಳು ತಾಗಿಸಿದಳು. ನಟ್ಟು ಬೆರಳಿಗೇ ತಿರುಗಿತು. ಅಲ್ಲಿಂದಲೇ ಅಪ್ಪನಿಗೆ ಫೋನು ಮಾಡಿದಳು.

“ಅಪ್ಪಾ, ನಟ್ಟಿಗೆ ಪಿನ್ ಹಾಕಿಲ್ವಾ?”

“ಹಳೇದು ಮುರಿದೋಯ್ತು ಕಣಮ್ಮ, ಅಂಗಡಿ ಬಾಗ್ಲು ಹಾಕ್ಬುಟ್ಟಿದ್ರು. ಎಂಟೆಳೆ ರೇಷ್ಮೆ ಹುರಿ ಮಾಡಿ ಕಟ್ಟಿದೀನಿ. ನಲವತ್ತು ವರ್ಷ ಹಾಕಿದ ಗಂಟು, ಬಿಚ್ಚಕಿಲ್ಲ.”

“ಗಂಟು ಬಿಚ್ಚಿಲ್ಲ. ದಾರ ಸವೆದು ಹರಕೊಂಡೋಗೈತೆ.”

ಆ ಕಡೆ ಯಾರದೋ ಮನೆಯ ಮಗ್ಗದ ಸದ್ದು ಕೇಳುತ್ತಿತ್ತು. ಶ್ರೀರಾಮುಲು, “ಎಷ್ಟೆಳೆ ಉಳಿದವೆ?” ಎಂದರು.

“ಎರಡು.”

“ಅಲ್ಲೇ ಇರು. ನಾ ಬಸ್ಸಲ್ಲಿ ಬತ್ತೀನಿ.”

“ನೀ ಬರೋಷ್ಟ್ರಲ್ಲಿ ಸಂಜೆ ಆಯ್ತದೆ, ಅಪ್ಪಾ. ನಾನು ಮೆಲ್ಲಕೆ ಹೋಯ್ತೀನಿ.”

ಡಿಕ್ಕಿಯಲ್ಲಿದ್ದ ಸ್ಪ್ಯಾನರಿನಿಂದ ನಟ್ಟು ಬಿಗಿದಳು. ಕಲ್ಯಾಣದುರ್ಗಕ್ಕೆ ಇಪ್ಪತ್ತೆರಡು ಕಿಲೋಮೀಟರು. ಎರಡು ಕಿಲೋಮೀಟರು ಹೋಗಿ ಇಳಿದು ನೋಡಿದಳು. ಅರ್ಧ ಸುತ್ತು ಸಡಿಲವಾಗಿತ್ತು. ಬಿಗಿದು ಮತ್ತೆ ಹೊರಟಳು. ಎದುರಿಗೆ ಲಾರಿ ಬಂದಾಗಲೆಲ್ಲ, ಒಂದು ಚಕ್ರ ತನ್ನ ದಾರಿ ತಾನು ಹಿಡಿದು ಅದರ ಅಡಿಗೆ ಹೋಗುವಂತೆ ಕಣ್ಣಿಗೆ ಕಟ್ಟುತ್ತಿತ್ತು. ಲಾರಿ ಹಾದುಹೋಗುವ ತನಕ ಮಣ್ಣಿಗೆ ಇಳಿದು ನಿಲ್ಲುತ್ತಿದ್ದಳು. ಆರನೆಯ ಸಲ ಮಂಡಿಯೂರಿದಾಗ ದಾರವೇ ಇರಲಿಲ್ಲ. ಅಲ್ಲಿಂದಾಚೆಗೆ ಕಿಲೋಮೀಟರಿಗೊಮ್ಮೆ ಇಳಿದಳು.

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ಮೆಕ್ಯಾನಿಕ್ ನಾರಪ್ಪನ ಶೆಡ್ಡು. ಅವನು ಅಂಗಾತ ಮಲಗಿ ಅಡಿಗೆ ಸರಿದು, ಗ್ರೀಸಿಗೆ ಅಂಟಿಕೊಂಡಿದ್ದ ಕೆಂಪು ಚೂರನ್ನು ಎಳೆದು ತೆಗೆದ.

“ಎವರಮ್ಮಾ ಇದಿ ಕಟ್ಟಿಂದಿ? ಯಾರಮ್ಮ ಇದನ್ನ ಕಟ್ಟಿದ್ದು? ಕಾರಿಗೆ ಕಂಕಣ ಕಟ್ಟವ್ರೆ. ಮದುವೆ ಯಾವತ್ತು?”

ಇಂದ್ರಾಣಿ ನಗಲಿಲ್ಲ. ಚಕ್ರ ಹಿಡಿದು ಅಲ್ಲಾಡಿಸಿದ ಮೇಲೆ ಅವನೂ ನಗು ನಿಲ್ಲಿಸಿದ. “ನಟ್ಟಿನ ತಿರುಪು ಸವೆದೋಗೈತೆ. ಇನ್ನೊಂದು ಹಳ್ಳ ಸಿಕ್ಕಿದ್ರೆ ಚಕ್ರ ಒಂದು ದಿಕ್ಕು, ನೀನೊಂದು ದಿಕ್ಕು ಕಣಮ್ಮ.”

ಹೊಸ ಜಾಯಿಂಟು ಹಾಕಿದ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಿನ ಹರಿದ ರಬ್ಬರ್ ಬುಷ್ ಬದಲಿಸಿದ. ಆಚೆ ಚಕ್ರದ ನಟ್ಟನ್ನೂ ನೋಡು ಎಂದಳು. ನೋಡಿದ. ಇನ್ನೊಂದು ಸಲ ಎಂದಳು.

“ನಿಮ್ಮಪ್ಪ ಮಾಡಿದ್ದಕ್ಕೆ ನನ್ನ ಮ್ಯಾಲೆ ಅನುಮಾನವಾ?” ಎನ್ನುತ್ತ ನಾರಪ್ಪ ಪಿನ್ನಿನ ಎರಡು ಕಾಲನ್ನು ಇಕ್ಕಳದಿಂದ ಅಗಲಿಸಿ ಮಡಚಿ ತೋರಿಸಿದ. ಮುಂದಿನ ಸೀಟಿನಲ್ಲಿ ಹೋಗಿ ಕೂತ. “ಸ್ಟೇರಿಂಗ್ ಬಿಚ್ಚಿದೋನು ಮೊದ್ಲು ತಾನು ಕೂತ್ಕಬೇಕು. ಇದು ನನ್ನ ಶೆಡ್ಡಿನ ಪದ್ಧತಿ, ಊರಿಗೇ ಗೊತ್ತು. ಎಲ್ಲಿ ಹಳ್ಳ ಐತೋ ಅಲ್ಲೇ ಬಿಡು.”

ಅವಳು ಬಿಟ್ಟಳು. ಅವನು ಎಲ್ಲೂ ಕೈ ಹಿಡಿಯದೆ ಎಲೆಅಡಿಕೆ ಅಗಿಯುತ್ತ ಕೂತಿದ್ದ. ಕಾರು ಸದ್ದು ಮಾಡಲಿಲ್ಲ.

ತ್ರಿವೇಣಿಯ ಮನೆ ಮುಟ್ಟಿದಾಗ ಒಂದು ಗಂಟೆ ದಾಟಿತ್ತು.

“ಬೆಳಿಗ್ಗೆ ಬತ್ತೀನಂದೋಳು, ಕಾರನ್ನ ತಳ್ಕೊಂಡು ಬಂದ್ಯೇನೇ?” ಎಂದರು ಅಕ್ಕನ ಅತ್ತೆ ಬನಶಂಕರಮ್ಮ.

ತ್ರಿವೇಣಿ ಚೀಲದ ಪಕ್ಕದಲ್ಲಿ ಕೂತಿದ್ದಳು. ಅವಳ ಪಾದ ಊದಿಕೊಂಡಿತ್ತು. ತಂಗಿಯ ಮಣ್ಣಾದ ಮೊಣಕಾಲನ್ನು ನೋಡಿ, “ಕಾರಿಗೇನಾಯ್ತು?” ಎಂದಳು.

ಏನೂ ಇಲ್ಲ ಎಂದುಬಿಡಬಹುದಿತ್ತು. ನಿಜ ಹೇಳಿದರೆ ಅಕ್ಕ ಹತ್ತುವುದಿಲ್ಲ, ಹತ್ತದಿದ್ದರೆ ಆ ಬಿಪಿ, ಆ ಊದಿದ ಪಾದ, ನೂರು ಕಿಲೋಮೀಟರು ಆಚೆಗಿನ ಆಸ್ಪತ್ರೆ. ಸುಳ್ಳು ಹೇಳಿ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಓಡಿಸಲು ತನ್ನಿಂದ ಆಗದೆಂದು ಇಂದ್ರಾಣಿಗೆ ಗೊತ್ತಿತ್ತು. ಪಿನ್ ಇಲ್ಲದ್ದು, ದಾರ, ಬೆರಳಿಗೆ ತಿರುಗಿದ ನಟ್ಟು, ನಾರಪ್ಪನ ರಿಪೇರಿ, ಎಲ್ಲವನ್ನೂ ಹೇಳಿದಳು.

ತ್ರಿವೇಣಿಯ ಎರಡು ಕೈಯೂ ಹೊಟ್ಟೆಯ ಮೇಲೆ ಹೋದವು. ಕಾರಿನ ಕಡೆ ನೋಡಿದಳು.

“ರಿಪೇರಿ ಆದ್ಮೇಲೆ ನಾರಪ್ಪ ತಾನೇ ಕೂತಿದ್ನಾ?”

“ಕೂತಿದ್ದ. ಮಾರ್ಕೆಟ್ ಯಾರ್ಡಿನ ಹಿಂದಿನ ಹಳ್ಳಗಳಲ್ಲೆಲ್ಲಾ ಬಿಡಿಸ್ದ.”

“ಮೆಲ್ಲಕೆ ಬಿಡು,” ಎಂದು ಗೋಡೆ ಹಿಡಿದು ಎದ್ದಳು.

ಹತ್ತು ಕಿಲೋಮೀಟರಿಗೆ ಇಂದ್ರಾಣಿ ಕಾರು ನಿಲ್ಲಿಸಿ ಇಳಿದಳು. ನಟ್ಟು ಅಲ್ಲಾಡಲಿಲ್ಲ. ಇನ್ನು ಹತ್ತಕ್ಕೆ ಮತ್ತೆ ಇಳಿದಳು. ಅವಳು ಮಂಡಿಯೂರಿದಷ್ಟು ಹೊತ್ತೂ ತ್ರಿವೇಣಿ ಹಿಂದಿನ ಸೀಟಿನಲ್ಲಿ ಉಸಿರು ಹಿಡಿದು ಕೂತಿರುತ್ತಿದ್ದಳು. ನಾಲ್ಕನೆಯ ಸಲಕ್ಕೆ, “ಸಾಕು ಕಣೇ,” ಎಂದಳು. “ನೀನು ಇಳಿದಾಗಲೇ ನಂಗೆ ಭಯ. ಓಡ್ತಿರುವಾಗ ಇಲ್ಲ.”

ಇಂದ್ರಾಣಿ ಮತ್ತೆ ಇಳಿಯಲಿಲ್ಲ. ಪ್ರತಿ ಹಳ್ಳಕ್ಕೂ ಕಿವಿ ಕೊಟ್ಟು, ಹಲ್ಲು ಕಚ್ಚಿಕೊಂಡು, ಮೂವತ್ತು ದಾಟದೆ ಓಡಿಸಿದಳು.

ಹಿಂದೂಪುರದ ಬೀದಿಗೆ ತಿರುಗಿದಾಗ ಬಿಸಿಲು ಮಾಳಿಗೆಗಳ ಅಂಚಿಗೆ ಬಂದಿತ್ತು. ಶ್ರೀರಾಮುಲು ಬಾಗಿಲಲ್ಲೇ ನಿಂತಿದ್ದರು. ಕಾರಿನ ಕಡೆ ನೋಡಲಿಲ್ಲ, ಇಂದ್ರಾಣಿಯ ಮುಖವನ್ನೂ ನೋಡಲಿಲ್ಲ. ಹಿಂದಿನ ಬಾಗಿಲು ತೆಗೆದು ಹಿಡಿದರು. ತ್ರಿವೇಣಿ ಒಂದು ಪಾದ ನೆಲಕ್ಕೆ ಊರಿದಳು, ಇನ್ನೊಂದನ್ನೂ ಊರಿದಳು, ತಂಗಿಯ ಭುಜ ಹಿಡಿದು ತವರಿನ ಹೊಸ್ತಿಲು ದಾಟಿದಳು.