ಒಂಬತ್ತನೆಯ ಸಾಲಿನ ಹಕ್ಕಿಗಳು

ವಸ್ತುಸಂಗ್ರಹಾಲಯದ ಮೆಟ್ಟಿಲು ಹತ್ತುವಾಗ ಅಪ್ಪ ತನ್ನ ಷರತ್ತನ್ನು ಮತ್ತೊಮ್ಮೆ ಹೇಳಿದ. ಅಲ್ಲಿನ ಹಳೆಯ ತೂಗುಬಟ್ಟೆಯೊಂದರಲ್ಲಿ ಕಿರಿಮಗಳು ಎಳೆಗೆ ಎಳೆ ಹೆಣೆದು ರಫು ಮಾಡಿದ ಜಾಗವನ್ನು ಅವನು ಬರಿಗಣ್ಣಿನಿಂದ ಹುಡುಕಿ ತೋರಿಸುತ್ತಾನೆ. ತೋರಿಸಿದ ಮೇಲೆ ಅವಳು ಈ ಕೆಲಸ ಬಿಟ್ಟು, ಬೀಗ ಬಿದ್ದಿರುವ ಅವನ ಹೊಲಿಗೆ ಅಂಗಡಿಯ ಕೀಲಿ ತೆಗೆದುಕೊಳ್ಳಬೇಕು. ಸಿಗದಿದ್ದರೆ ಅವಳ ಕೆಲಸವನ್ನು ಇನ್ನೆಂದೂ ತೇಪೆ ಎಂದು ಕರೆಯುವುದಿಲ್ಲ. ಅವಳು ಒಪ್ಪಿದ್ದಳು. ಒಪ್ಪಿದ ಮೇಲೆ ಎರಡು ದಿನ ಅನ್ನ ರುಚಿಸಿರಲಿಲ್ಲ.

ಹೆದರಲು ಕಾರಣವಿತ್ತು. ನಲವತ್ತೊಂದು ವರ್ಷ ಕೋಟು ಹೊಲಿದ ಅಪ್ಪನಿಗೆ ಬೀದಿಯವರು ಇಟ್ಟ ಹೆಸರು ಸೂಜಿಗಣ್ಣ. ಎದುರು ಬದಿಯಲ್ಲಿ ಹೋಗುವವನ ಅಂಗಿತೋಳು ಕಾಲಂಗುಲ ಏರುಪೇರಾಗಿದ್ದರೂ ಇಲ್ಲಿಂದಲೇ ಹೇಳಿಬಿಡುತ್ತಿದ್ದ. ಚಿಕ್ಕಂದಿನಲ್ಲಿ ಅವಳು ಹಾಕಿದ ಹೊಲಿಗೆಯನ್ನು ಅವನು ಎಷ್ಟು ಸಲ ಬಿಚ್ಚಿಸಿದ್ದನೆಂಬುದಕ್ಕೆ ಲೆಕ್ಕವಿರಲಿಲ್ಲ. ಅಂಥವನ ಮಗಳು ಕತ್ತರಿ ಬಿಟ್ಟು ಹಳೆಯ ಬಟ್ಟೆಗಳ ತೂತು ಮುಚ್ಚಲು ಹೋದದ್ದು ಅವನಿಗೆ ನುಂಗಲಾರದ ತುತ್ತಾಗಿತ್ತು. ಕೇಳಿದವರಿಗೆಲ್ಲ, ದೊಡ್ಡವಳು ಪಾಠ ಹೇಳುತ್ತಾಳೆ, ಚಿಕ್ಕವಳು ತೇಪೆ ಹಾಕುತ್ತಾಳೆ ಎನ್ನುತ್ತಿದ್ದ. ಆರು ವರ್ಷಗಳಲ್ಲಿ ಒಮ್ಮೆಯೂ ನೋಡಲು ಬಂದಿರಲಿಲ್ಲ. ಈಗ ಟಿಕೆಟ್ ತಂದು ಅವನನ್ನು ಹೊರಡಿಸಿದವಳು ಅಕ್ಕ.

ಮೊದಲ ಕೋಣೆಯಲ್ಲಿ ದೊಡ್ಡ ದೊಡ್ಡ ವರ್ಣಚಿತ್ರಗಳಿದ್ದವು. ಅಪ್ಪ ಒಂದು ಮುಖವನ್ನೂ ನೋಡಲಿಲ್ಲ, ನೋಡಿದ್ದೆಲ್ಲ ಉಡುಪನ್ನೇ. ರಾಣಿಯ ತೋಳು ಸರಿಯಾಗಿ ಕೂತಿಲ್ಲ ಎಂದ. ಸೇನಾಪತಿಯ ಎಡಜೇಬು ಬಲಜೇಬಿಗಿಂತ ಕೆಳಗಿದೆ, ಇದನ್ನು ಹೊಲಿದವನು ಯಾರು ಎಂದು ವಿಚಾರಿಸಿದ.

“ಅಪ್ಪಾ, ಅವರು ಸತ್ತು ಇನ್ನೂರು ವರ್ಷ ಆಯ್ತು,” ಎಂದಳು ಅಕ್ಕ. “ಜೇಬು ಸರಿಮಾಡಿಸ್ಕೊಳ್ಳೋಕೆ ಬರಲ್ಲ, ಬಿಡು.”

ಬಟ್ಟೆಗಳ ಕೋಣೆ ಒಳಗಿತ್ತು. ಬಣ್ಣ ಮಾಸದಿರಲೆಂದು ಅಲ್ಲಿ ಬೆಳಕನ್ನು ತಗ್ಗಿಸಿದ್ದರು. ನಡುಗೋಡೆಯ ಮೇಲೆ ಗಾಜಿನ ಹಿಂದೆ ಆ ತೂಗುಬಟ್ಟೆ ಇತ್ತು: ಕಡುನೀಲಿ ನೆಲ, ಹನ್ನೆರಡು ಸಾಲು ಹಕ್ಕಿಗಳು, ಸಾಲಿಗೆ ಹದಿನಾಲ್ಕು. ಅದು ಅವಳ ಮೇಜಿಗೆ ಬಂದಾಗ ಒಂಬತ್ತನೆಯ ಸಾಲಿನಲ್ಲಿ ಅಂಗೈಯಗಲ ತೂತಿತ್ತು. ಎರಡು ಹಕ್ಕಿಗಳನ್ನು ಹುಳು ತಿಂದಿತ್ತು. ನೆಲದ ನೀಲಿಯೊಂದಕ್ಕೇ ಅವಳು ನೂಲಿಗೆ ಹನ್ನೊಂದು ಛಾಯೆಗಳ ಬಣ್ಣ ಕಟ್ಟಿಸಿದ್ದಳು. ಅಂಗುಲಕ್ಕೆ ನಲವತ್ತೆಂಟು ಎಳೆ. ಕೈ ಕೂಡಿಬಂದ ದಿನ ಹೆಬ್ಬೆರಳಿನ ಉಗುರಿನಷ್ಟು ಕೆಲಸ. ಹಾಗೆ ಹದಿನಾಲ್ಕು ತಿಂಗಳು.

ಇದ್ಯಾವುದನ್ನೂ ಅವಳು ಅಪ್ಪನಿಗೆ ಹೇಳಿರಲಿಲ್ಲ. ಬಟ್ಟೆ ಯಾವುದೆಂದು ಮಾತ್ರ ತೋರಿಸಿ, ಅಕ್ಕನ ಪಕ್ಕ ಹೋಗಿ ನಿಂತಳು.

ಅಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೇಲಿನ ಸಾಲಿನಿಂದ ಶುರುಮಾಡಿದ. ಎಡದಿಂದ ಬಲಕ್ಕೆ, ಮತ್ತೆ ಎಡದಿಂದ ಬಲಕ್ಕೆ. ಅಭ್ಯಾಸಬಲದಿಂದ ಜೇಬಿನ ಅಳತೆಪಟ್ಟಿ ಹೊರಬಂತು; ಕಾವಲುಗಾರ ಬಂದು ಅದನ್ನು ಮತ್ತೆ ಒಳಗಿಡಿಸಿದ. ನಾಲ್ಕನೆಯ ಸಾಲಿನಲ್ಲಿ ಅಪ್ಪನ ತಲೆ ತಟ್ಟನೆ ನಿಂತಿತು.

“ಇಲ್ಲಿ. ಏಳನೇ ಹಕ್ಕಿ. ಕೊಕ್ಕಲ್ಲಿ ಒಂದು ಎಳೆ ಹಾರಿದೆ ನೋಡು. ಅವಸರ ಮಾಡಿದ್ದೀಯ ಮಗಳೇ.” ಅವನ ಕೈ ಆಗಲೇ ಜೇಬಿನ ಕೀಲಿಗೊಂಚಲನ್ನು ಕುಲುಕುತ್ತಿತ್ತು.

ಅವಳು ಪಕ್ಕದ ಫಲಕದ ಬಳಿಗೆ ಅವನನ್ನು ಕರೆದೊಯ್ದಳು. ಫಲಕ ಓದುವ ಅಭ್ಯಾಸ ಅವನಿಗಿರಲಿಲ್ಲ. ಅದರಲ್ಲಿ ಕೆಲಸ ಶುರುವಾಗುವ ಮುಂಚಿನ ಫೋಟೋ ಇತ್ತು. ನಾಲ್ಕನೆಯ ಸಾಲು, ಏಳನೆಯ ಹಕ್ಕಿ, ಕೊಕ್ಕಿನಲ್ಲಿ ಹಾರಿದ ಅದೇ ಎಳೆ. ಅದು ನೇಯ್ದವನದೇ ತಪ್ಪು. ಅದನ್ನು ಸರಿಪಡಿಸಲು ಅವಳ ಬೆರಳು ತಿಂಗಳುಗಟ್ಟಲೆ ತುರಿಸಿತ್ತು. ನೇಕಾರನ ತಪ್ಪು ನೇಕಾರನಿಗೇ ಸೇರಿದ್ದು ಎಂದು ಅವಳ ಮೇಲಧಿಕಾರಿ ಬಿಟ್ಟಿರಲಿಲ್ಲ.

ಅಪ್ಪನ ಕಣ್ಣು ಫೋಟೋದಲ್ಲಿ ಕೆಳಗಿಳಿದು, ಅಂಚು ಕಪ್ಪಗಾಗಿದ್ದ ಆ ತೂತಿನ ಮೇಲೆ ನಿಂತಿತು. ಅದರ ಮೇಲೆ ತನ್ನ ಅಂಗೈ ಹಿಡಿದು ನೋಡಿದ. ಕೀಲಿಯ ಸದ್ದು ನಿಂತಿತು. ಬಟ್ಟೆಯ ಮುಂದೆ ಹಿಂತಿರುಗಿ, ಒಂಬತ್ತನೆಯ ಸಾಲಿಗೆ ಬಗ್ಗಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಒಂದು ಬದಿಯಿಂದ ನೋಡಿದ. ಮೊಣಕಾಲು ಮಡಿಸಿ ಕೆಳಗಿನಿಂದ ನೋಡಿದ. ಅವನಿಗೆ ಅಷ್ಟು ಹೊತ್ತು ಹಿಡಿಯುವುದನ್ನು ಮಕ್ಕಳಿಬ್ಬರೂ ಕಂಡಿರಲಿಲ್ಲ.

“ಎಲ್ಲಿಂದ ಎಲ್ಲಿಗೆ, ತೋರಿಸು,” ಎಂದ ಕೊನೆಗೆ.

ಅದೇನು ಮಹಾ ಎಂದುಕೊಂಡು ಅವಳು ಮುಂದೆ ಬಂದಳು. ಐದನೆಯ ಹಕ್ಕಿ, ಆರನೆಯ ಹಕ್ಕಿ, ಅಷ್ಟು ಖಚಿತ. ಆದರೆ ಹಳೆಯ ನೂಲು ಎಲ್ಲಿ ಮುಗಿದು ತನ್ನ ನೂಲು ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಮಾತ್ರ ಕಾಣಲಿಲ್ಲ. ಬೆರಳಿನ ಗಾಯದ ಗುರುತಿನಷ್ಟು ಪರಿಚಯವಿದ್ದ ಗೆರೆ ಅದು. ಐದನೆಯ ಹಕ್ಕಿಯ ರೆಕ್ಕೆಯಿಂದ ಎಳೆ ಎಣಿಸುತ್ತ ಹೋದಳು, ಎಣಿಕೆ ತಪ್ಪಿತು, ಮತ್ತೆ ಎಣಿಸಿದಳು.

“ನನಗೂ ಗೊತ್ತಾಗ್ತಿಲ್ಲ ಅಪ್ಪ.”

“ಚೆನ್ನಾಯ್ತು,” ಎಂದಳು ಅಕ್ಕ. “ಕಳ್ಳನಿಗೇ ಕನ್ನ ಹಾಕಿದ ಗೋಡೆ ಮರೆತುಹೋಯ್ತು.”

ಮೂವರೂ ಒಂದೇ ಕಡೆ ಬಗ್ಗಿ ನಿಂತದ್ದನ್ನು ಕಂಡು ಕಾವಲುಗಾರ ಮತ್ತೆ ಬಂದ. ಏನಾದರೂ ಬಿದ್ದುಹೋಯಿತೇ ಎಂದು ಕೇಳಿದ. ಅಪ್ಪ ಬೆನ್ನು ನೆಟ್ಟಗೆ ಮಾಡಿ, ಅಂಗಿಯ ಕೊರಳಪಟ್ಟಿ ಸರಿಪಡಿಸಿಕೊಂಡ.

“ಏನೂ ಬಿದ್ದಿಲ್ಲ. ಇಲ್ಲಿ ನನ್ನ ಮಗಳು ರಫು ಮಾಡಿದ್ದಾಳೆ. ಇವಳೇ, ನನ್ನ ಚಿಕ್ಕವಳು.”

ಕಾವಲುಗಾರ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದ. “ಎಲ್ಲಿ? ಕಾಣ್ತಿಲ್ವಲ್ಲ.”

“ಕಾಣಲ್ಲ,” ಎಂದ ಅಪ್ಪ.

ಅಷ್ಟು ಹೊತ್ತಿಗೆ ಗಂಡಹೆಂಡತಿಯರ ಜೋಡಿಯೊಂದು ಕೋಣೆಯೊಳಗೆ ಬಂತು. ಅಪ್ಪ ಅವರನ್ನು ಕೈಬೀಸಿ ಕರೆದು, ಈ ಬಟ್ಟೆಯಲ್ಲಿ ಅಂಗೈಯಗಲ ತೂತಿತ್ತು, ಎಲ್ಲಿತ್ತು ಹೇಳಿ ನೋಡೋಣ ಎಂದ. ಗಂಡ ನಾಲ್ಕನೆಯ ಸಾಲಿನ ಕೊಕ್ಕು ತೋರಿಸಿದ. ಅಪ್ಪನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎಲ್ಲ ಬಲ್ಲವನಂತೆ ತಲೆಯಾಡಿಸಿ, ಅದು ನೇಕಾರನ ತಪ್ಪೆಂದೂ ತಿದ್ದುವ ಹಕ್ಕು ತಮಗಿಲ್ಲವೆಂದೂ ವಿವರಿಸಿದ. ಆ ‘ತಮಗೆ’ ಎಂಬ ಮಾತು ಕಿವಿಗೆ ಬಿದ್ದು ಅವಳು ಬೇರೆ ಕಡೆ ಮುಖ ತಿರುಗಿಸಿಕೊಂಡಳು.

ಹಸಿವಾಗುತ್ತಿದೆ, ಹೋಗೋಣ ಎಂದು ಅಕ್ಕ ಮೂರು ಸಲ ಕರೆದಳು. ಅಪ್ಪ ಹೊರಡಲಿಲ್ಲ. ಆಗಲೇ ಐದು ಜನ ಸೋತಿದ್ದರು; ಆರನೆಯವರು ಬಾಗಿಲಲ್ಲಿ ಕಾಣಿಸಿಕೊಂಡಿದ್ದರು.